ಹೂ ಮುಗಿಯುವ ಹೊತ್ತಿಗೆ ಹೋಗಿ

ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಯಾವ ಹಳೆಯ ಬಂಗಲೆಯ ತೋಟವೂ ಚೆನ್ನಾಗಿಯೇ ಕಾಣುತ್ತದೆ. ಆ ತಿಂಗಳಲ್ಲೂ ಕೆಟ್ಟದಾಗಿ ಕಾಣಬೇಕಾದರೆ ಅದಕ್ಕೆ ಬೇರೆಯೇ ಪ್ರತಿಭೆ ಬೇಕು. ಆದರೂ ತಮ್ಮ ಹಿತ್ತಲಲ್ಲಿ ಏನು ನೆಡಬಹುದೆಂದು ಹುಡುಕುವವರು ಗುಲಾಬಿ ಅರಳಿದಾಗಲೇ ಮುಗಿಬೀಳುತ್ತಾರೆ. ಗೃಹಪ್ರವೇಶದ ದಿನ ಮನೆ ನೋಡಿ, ಮಳೆಗಾಲದಲ್ಲಿ ಸೋರುವುದಿಲ್ಲವೆಂದು ಸರ್ಟಿಫಿಕೇಟ್ ಕೊಟ್ಟಂತೆ. ಹೋಗಬೇಕಾದದ್ದು ಅಕ್ಟೋಬರಿನಲ್ಲಿ. ಪೂರ್ವ ಸಸೆಕ್ಸ್‌ನ ಗ್ರೇಟ್ ಡಿಕ್ಸ್ಟರ್ ನೋಡಿ. ಹದಿನೈದನೆಯ ಶತಮಾನದ ಆ ಮನೆಯನ್ನು 1910ರಲ್ಲಿ ನಥಾನಿಯಲ್ ಲಾಯ್ಡ್ ಕೊಂಡು, ಲುಟಿಯೆನ್ಸ್ ಕೈಯಲ್ಲಿ (ಹೌದು, ನವದೆಹಲಿಯ ಅದೇ ಲುಟಿಯೆನ್ಸ್) ದೊಡ್ಡದು ಮಾಡಿಸಿದರು. ಅದೇ ಲುಟಿಯೆನ್ಸ್ ರೂಪಿಸಿದ್ದ ಗುಲಾಬಿ ತೋಟವನ್ನು ಲಾಯ್ಡರ ಮಗ ಕ್ರಿಸ್ಟೋಫರ್ 1990ರ ದಶಕದಲ್ಲಿ ಕಿತ್ತು, ಡೇಲಿಯಾ, ಬಾಳೆ, ಕ್ಯಾನಾ ತುಂಬಿಸಿದರು. ಗುಲಾಬಿಪ್ರಿಯರು ಹೌಹಾರಿದರು. ನಮ್ಮ ರೈಲು ನಿಲ್ದಾಣಗಳ ಕ್ಯಾನಾ ಅಲ್ಲಿ ಕ್ರಾಂತಿಯಾಯಿತು! ಆ ತೋಟ ರಂಗೇರುವುದೇ ಬೇಸಿಗೆ ಇಳಿದ ಮೇಲೆ.

ಅಲ್ಲಿ ಆಳುಕಾಳಿದ್ದಾರೆ, ಚಳಿಗೆ ಬಾಳೆಗೂ ಹೊದಿಕೆ ಸುತ್ತುತ್ತಾರೆ, ನಮಗದು ಆಗುವ ಮಾತೇ ಎನ್ನುವವರಿದ್ದಾರೆ. ನಿಜ, ಬಾಳೆ ಬಿಡಿ. ಹಕ್ಕಿಗಳ ಆಕಾರಕ್ಕೆ ಕತ್ತರಿಸಿದ ಯೂ ಗಿಡಗಳ ನಡುವೆ ಬೇಲಿಯಾಗಿ ನಿಂತಿರುವ ಆಸ್ಟರನ್ನು ನೋಡಿ. ಕವಲುಗಳು ಅಡ್ಡಡ್ಡ ಚಾಚಿವೆ. ಉಗುರಿನಗಲದ ಮಸುಕು ಹೂಗಳು, ಪ್ರತಿಯೊಂದರ ನಡುವೆ ಕೆಂಗುಲಾಬಿ ಬೊಟ್ಟು, ಎಲೆಗೆ ತಾಮ್ರದ ಛಾಯೆ. ಜೂನಿನಲ್ಲಿ ಇದರತ್ತ ಯಾರೂ ತಿರುಗಿ ನೋಡುವುದಿಲ್ಲ. ಇದಕ್ಕೆ ಆಳು ಬೇಡ, ವರ್ಷಕ್ಕೊಮ್ಮೆ ಬುಡಕ್ಕೆ ಕತ್ತರಿಸಿದರಾಯಿತು. ಜೊತೆಗೆ ಅಕ್ಟೋಬರಿನಲ್ಲಿ ಮಣ್ಣಿನ ಬಿಸಿ ಆರಿರುವುದಿಲ್ಲ, ಮಳೆಯೂ ಬಂದಿರುತ್ತದೆ; ಕಂಡದ್ದನ್ನು ಆ ವಾರವೇ ನೆಡಬಹುದು. ಜೂನಿನ ಉತ್ಸಾಹ ನೆಡುವ ಕಾಲ ಬರುವಷ್ಟರಲ್ಲಿ ಆರಿಹೋಗಿರುತ್ತದೆ.

ಇದಕ್ಕೆಲ್ಲ ಅಡ್ಡ ಬರುವವರು ಕತ್ತರಿ ಶೂರರು. ಅಕ್ಟೋಬರ್ ಬಂತೆಂದರೆ ಸಾಕು, ನಿಂತದ್ದನ್ನೆಲ್ಲ ನೆಲಸಮ ಮಾಡಿ 'ಸ್ವಚ್ಛ' ಎನ್ನುತ್ತಾರೆ. ರೋಗ ಉಳಿಯುತ್ತದೆ, ಗೊಂಡೆಹುಳು ಅಡಗುತ್ತದೆ ಎಂಬುದು ಅವರ ವಾದ. ರೋಗ ಹಿಡಿದ ಪಿಯೋನಿ ಗಿಡದ ಮಟ್ಟಿಗೆ ಒಪ್ಪೋಣ, ಕತ್ತರಿಸಿ ಸುಡಲಿ. ಆರೋಗ್ಯವಾಗಿ ನಿಂತ ಟೀಸಲ್ ಗಿಡ ಮಾಡಿದ ಅಪರಾಧವೇನು? ಅದರ ಬೀಜಕ್ಕೆ ಗೋಲ್ಡ್‌ಫಿಂಚ್ ಹಕ್ಕಿಗಳು ಬರುತ್ತವೆ, ಟೊಳ್ಳು ದಂಟುಗಳಲ್ಲಿ ಕೀಟಗಳು ಚಳಿಗಾಲ ಕಳೆಯುತ್ತವೆ. ಅದೂ ಹೋಗಲಿ. ಯಾವ ಗಿಡ ಗಾಳಿಮಳೆಗೆ ಅಡ್ಡಬೀಳುತ್ತದೆ, ಯಾವುದು ಒಣಗಿದರೂ ನೆಟ್ಟಗೆ ನಿಲ್ಲುತ್ತದೆ ಎಂಬುದು ನೋಡಲು ಬಂದವನಿಗೆ ತಿಳಿಯುವುದಾದರೂ ಹೇಗೆ? ಬೋಳು ಮಣ್ಣನ್ನೂ ಅದರ ಮೇಲೆ ಒಪ್ಪವಾಗಿ ಹರಡಿದ ತೊಗಟೆಪುಡಿಯನ್ನೂ ನೋಡುವುದಕ್ಕೆ ಟಿಕೆಟ್ ಯಾಕೆ ಕೊಳ್ಳಬೇಕು?