ಗುಲ್‌ಮೊಹರೂ ಲಾವಂಚವೂ

ಮೇ ತಿಂಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ಗುಲ್‌ಮೊಹರ್ ಅರಳಿ ನಿಂತರೆ ತಲೆಯೆತ್ತದೆ ಹೋಗುವವರು ಯಾರು? ಮರದ ತುಂಬ ಕೆಂಪು. ಹೂವಿನ ನಾಲ್ಕು ದಳ ಒಂದೇ ಬಣ್ಣ. ಐದನೆಯದಕ್ಕೆ ಮಾತ್ರ ಬಿಳಿ, ಹಳದಿಯ ಚಿತ್ತಾರ. ದಳದ ಹುಳಿರುಚಿ ಮಕ್ಕಳಿಗೆ ಚೆನ್ನಾಗಿ ಗೊತ್ತು. ಕೇಸರಕ್ಕೆ ಕೇಸರ ಸಿಕ್ಕಿಸಿ ಎಳೆದು, ಯಾರದರ ತಲೆ ಉದುರಿತೆಂದು ನೋಡುವ ಆಟ ಆಡದ ಬಾಲ್ಯ ನಮ್ಮ ಕಡೆ ಕಡಿಮೆ. ಮಡಗಾಸ್ಕರಿನ ಈ ಮರ ಇಷ್ಟರಮಟ್ಟಿಗೆ ನಮ್ಮದಾಗಿಬಿಟ್ಟಿದೆ.

ಆ ಹೊತ್ತಿನಲ್ಲೇ ಮನೆಯೊಳಗಿನ ಮಣ್ಣಿನ ಹೂಜಿಯಲ್ಲಿ ಇನ್ನೊಂದು ಗಿಡದ ಬೇರು ನೆನೆಯುತ್ತಿರುತ್ತದೆ. ಅದು ಲಾವಂಚ, ನಮ್ಮ ನೆಲದ್ದೇ ಹುಲ್ಲು. ಅಜ್ಜಿ ಒಂದು ಹಿಡಿ ಬೇರು ಹಾಕಿಟ್ಟ ನೀರಿನ ಘಮಲು ಯಾವ ಷರಬತ್ತಿಗೂ ಬಾರದು. ಇದರ ನೇರಳೆ ಛಾಯೆಯ ತೆನೆಯನ್ನು ನಿಂತು ನೋಡುವವರಿಲ್ಲ. ನೋಡಬೇಕಾದದ್ದು ಇರುವುದು ಮಣ್ಣಿನ ಕೆಳಗೆ.

ಮುಂಗಾರಿಗೆ ಮುಂಚಿನ ಗಾಳಿಮಳೆ ಬಂದಾಗ ಎರಡರ ಗುಣವೂ ತಿಳಿಯುತ್ತದೆ. ಗುಲ್‌ಮೊಹರಿನ ಬೇರು ಮೇಲುಮೇಲೆ ಹರಡುವಂಥದು, ಕೊಂಬೆ ಪೆಡಸು. ದೊಡ್ಡ ಗಾಳಿಗೆ ಮುರಿಯುತ್ತದೆ, ಕೆಲವೊಮ್ಮೆ ಬುಡಮೇಲಾಗುತ್ತದೆ. ಲಾವಂಚದ ಬೇರು ನೆಟ್ಟಗೆ ಮೂರು ಮೀಟರ್ ಆಳಕ್ಕೂ ಇಳಿಯುತ್ತದೆ. ಒತ್ತಾಗಿ ಬೆಳೆದ ಸಾಲು ಹರಿಯುವ ನೀರಿನ ರಭಸ ತಗ್ಗಿಸುತ್ತದೆ. ಕೊಚ್ಚಿ ಬಂದ ಮಣ್ಣು ಅದರ ಹಿಂದೆ ತಂಗಿ, ವರ್ಷ ಕಳೆದಂತೆ ಇಳಿಜಾರೇ ಮಟ್ಟಸವಾಗುತ್ತದೆ.

ಗುಂಡ್ಲುಪೇಟೆ ಸೀಮೆಯ ರೈತರು ತಲೆತಲಾಂತರದಿಂದ ಹೊಲದ ಎಲ್ಲೆಗೆ ಇದನ್ನೇ ನೆಟ್ಟವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣೆಯ ತಜ್ಞರು ಲಾವಂಚವನ್ನು ದೇಶದೇಶಗಳಿಗೆ ಹೇಳಹೊರಟಾಗ ಈ ಹಳೆಯ ಬೇಲಿಗಳೂ ಅವರಿಗೆ ಸಾಕ್ಷಿಯಾದವು. ಓದು ಬರಹದ ಹಂಗಿಲ್ಲದೆ ನಮ್ಮ ಹಿರಿಯರು ಕಂಡುಕೊಂಡ ವಿದ್ಯೆ ಅದು. ಅದನ್ನು ನೆನೆದಾಗ ನನಗೆ ಹೆಮ್ಮೆ. ಹೊಲದ ಮೇಲ್ಮಣ್ಣು ಹಳ್ಳ ಸೇರುವುದನ್ನು ಕಂಡಾಗ ಅಷ್ಟೇ ಸಂಕಟ.

ಗುಲ್‌ಮೊಹರನ್ನು ಕಡಿಯಿರಿ ಎನ್ನುವ ಮಾತು ನನ್ನದಲ್ಲ. ಕಣ್ಣಿಗೂ ಹಬ್ಬ ಬೇಕು. ಬಯಲು ಜಾಗದಲ್ಲಿ, ಮನೆಯಿಂದ ದೂರ ಅದು ಧಾರಾಳವಾಗಿ ಅರಳಲಿ. ಆದರೆ ಇಳಿಜಾರಿನ ಜಮೀನಿದ್ದವರು ಈ ಮುಂಗಾರಿನಲ್ಲಿ ಲಾವಂಚದ ಬುಡ ಸೀಳಿ, ಇಳಿಜಾರಿಗೆ ಅಡ್ಡಲಾಗಿ ಒತ್ತಾಗಿ ಒಂದು ಸಾಲು ನೆಡಿ. ಸುವಾಸನೆಯ ಬೇರು ಬೇಕಿದ್ದರೆ ಬೇರೊಂದು ಪಾತಿಯಲ್ಲಿ ಬೆಳೆದುಕೊಳ್ಳಿ. ಬದುವಿನದನ್ನು ಮಾತ್ರ ಕೀಳಬೇಡಿ.