ಶರಾವತಿಯ ದಡದಲ್ಲಿ ನಮ್ಮ ಅಜ್ಜ

ನದಿಗಳಿಗೆ ಹೆಸರಿಡುವುದರಲ್ಲಿ ನಮ್ಮ ಪೂರ್ವಿಕರು ತೋರಿಸಿದ ರಸಿಕತೆಯು ಸಾಮಾನ್ಯವಾದುದಲ್ಲ. ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದ ಬಂಡೆಗಳ ಮೇಲಿನಿಂದ 830 ಅಡಿ ಕೆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುವ ಹೊಳೆಗೆ ಶರಾವತಿಯೆಂದು ಹೆಸರು. ಸೀತಾದೇವಿಯ ಬಾಯಾರಿಕೆಯನ್ನು ತಣಿಸುವುದಕ್ಕಾಗಿ ಶ್ರೀರಾಮನು ಬಾಣದಿಂದ ನೆಲವನ್ನು ಭೇದಿಸಲು ಈ ನೀರು ಚಿಮ್ಮಿತೆಂಬುದು ಜನರ ನಂಬಿಕೆ. ಸಂಸ್ಕೃತದಲ್ಲಿ ‘ಶರ’ವೆಂದರೆ ಬಾಣವೂ ಹೌದು, ನೀರಂಚಿನಲ್ಲಿ ಬೆಳೆಯುವ ಒಂದು ಜಾತಿಯ ಹುಲ್ಲೂ ಹೌದು, ಆ ಶಬ್ದವು ಈ ಹೆಸರಿನಲ್ಲಿ ದೀರ್ಘವಾಗುವುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮಾಡಿಟ್ಟಿದ್ದಾನೆ. ಪಾಠಶಾಲೆಯಿಂದ ರಜಕ್ಕೆಂದು ಬಂದ ನಾನು ಇದನ್ನೆಲ್ಲ ಬಹು ಠೀವಿಯಿಂದ ವಿವರಿಸಿದಾಗ ನಮ್ಮ ಅಜ್ಜನು ಎಲೆಗೆ ಸುಣ್ಣ ಹಚ್ಚುತ್ತ, “ಬಾಣವೋ ಹುಲ್ಲೋ, ಹೊಳೆ ಮಾತ್ರ ನಮ್ಮದು ಮಾಣಿ” ಎಂದು ನಕ್ಕಿದ್ದರು.

ಅವರು ನಮ್ಮದೆಂದ ಆ ಹೊಳೆಯ ದಡವು ಈಗ ನೀರಿನ ಕೆಳಗಿದೆ. ಸಾಗರದಿಂದ ಆವಿನಹಳ್ಳಿಯ ಮಾರ್ಗವಾಗಿ ಹೊರಟ ಪ್ರವಾಸಿಗನು ಅಂಬಾರಗೋಡ್ಲುವಿನ ಹೊಳೆಬಾಗಿಲನ್ನು ಮುಟ್ಟಿದಾಗ ಅವನ ಕಣ್ಣಿಗೆ ಬೀಳುವುದು ಹೊಳೆಯಲ್ಲ, ಸಮುದ್ರದಂತೆ ಹರಡಿಕೊಂಡ ಜಲರಾಶಿ. ನಡುನಡುವೆ ಕಾಣುವ ಹಸುರು ನಡುಗಡ್ಡೆಗಳು ವಾಸ್ತವವಾಗಿ ಹಿಂದಿನ ಗುಡ್ಡಗಳ ನೆತ್ತಿಗಳು. ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರದ ಕಟ್ಟೆಯು ಎದ್ದಿತು. ಅದು 1948ರಲ್ಲಿ ಕೆಲಸಕ್ಕೆ ಬಂದಿತು. ಆ ಬಳಿಕ ಅದಕ್ಕಿಂತ ಬಹು ದೊಡ್ಡದಾದ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರು 1,819 ಅಡಿಗಳ ಮಟ್ಟಕ್ಕೆ ಏರಿದಾಗ ಸುಮಾರು 300 ಚದರ ಕಿಲೋಮೀಟರು ನೆಲವನ್ನು ಆವರಿಸುತ್ತದೆ. ಹಳೆಯ ಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿಹೋಯಿತೆಂದ ಮೇಲೆ ಹಳ್ಳಿಗಳ ಪಾಡನ್ನು ಹೇಳಬೇಕಾದುದಿಲ್ಲ. ಹಾಗೆ ಹೋದ ಊರುಗಳಲ್ಲಿ ಹೊಳೆಯಾಚೆಯ ನಮ್ಮ ಊರೂ ಒಂದು.

ನಮ್ಮ ಅಜ್ಜನು ಅಡಿಕೆ ತೋಟದ ಗೃಹಸ್ಥರು. ಬೆಳಗಿನ ನಾಲ್ಕು ಗಂಟೆಗೆ ಎದ್ದು, ಕೊಟ್ಟಿಗೆಯ ದನಗಳನ್ನು ಹೆಸರು ಹಿಡಿದು ಮಾತನಾಡಿಸಿ, ಸ್ನಾನ ಸಂಧ್ಯೆಗಳನ್ನು ಮುಗಿಸಿ, ತಲೆಗೆ ಹಾಳೆಯ ಟೊಪ್ಪಿಯನ್ನಿಟ್ಟು, ಸೊಂಟದ ಕೊಕ್ಕೆಗೆ ಕತ್ತಿಯನ್ನು ಸಿಕ್ಕಿಸಿಕೊಂಡು ತೋಟಕ್ಕೆ ಇಳಿದರೆಂದರೆ, ಊಟದ ಹೊತ್ತಿಗೆ ಅಜ್ಜಿಯು ಕೂಗಿ ಕರೆಯಬೇಕು. ಆಳುಗಳಿಗೆ ಕೆಲಸ ಹೇಳಿ ದಡದಲ್ಲಿ ನಿಲ್ಲುವ ಸ್ವಭಾವ ಅವರದಲ್ಲ. ಸೊಪ್ಪಿನ ಬೆಟ್ಟದಿಂದ ಹೊರೆ ತರುವಾಗ ಮೊದಲ ಹೊರೆಯು ಅವರ ತಲೆಯ ಮೇಲೆಯೇ ಇರುತ್ತಿದ್ದಿತು. ಅವರು ಹುಡುಗರಾಗಿದ್ದಾಗ ಮಳೆಗಾಲದ ಕೊಳೆರೋಗಕ್ಕೆ ಹುಲ್ಲಿನ ಕೊಟ್ಟೆಯನ್ನು ಕೊನೆಗೆ ಕಟ್ಟುವುದೊಂದೇ ಮದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಕೋಲ್ಮನ್ನರು 1910ರ ಸುಮಾರಿಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ತೋರಿಸಿಕೊಟ್ಟಿದ್ದರೂ ನಮ್ಮ ಊರಿನ ಹಿರಿಯರು ಬಹುಕಾಲ ಅದನ್ನು ನಂಬಲಿಲ್ಲ. ಅಜ್ಜನು ಹತ್ತು ಮರಗಳಿಗೆ ಹೊಡೆಸಿ, ಹತ್ತು ಮರಗಳನ್ನು ಹಾಗೆಯೇ ಬಿಟ್ಟು, ಉದುರಿದ ಕಾಯಿಗಳನ್ನು ಎರಡು ಬುಟ್ಟಿಗಳಲ್ಲಿ ತುಂಬಿ ಜಗಲಿಯ ಮೇಲಿಟ್ಟರಂತೆ. ಮರುವರ್ಷ ಊರೆಲ್ಲ ಮೈಲುತುತ್ತವನ್ನು ತರಿಸಿತು.

ಕೊನೆಕೊಯ್ಲಿನ ಕಾಲದಲ್ಲಿ ಸಂಜೆಯಾದ ಮೇಲೆ ಲಾಟೀನಿನ ಬೆಳಕಿನಲ್ಲಿ ಮನೆಮಂದಿಯೂ ನೆರೆಯವರೂ ಮೆಟ್ಟುಗತ್ತಿಗಳ ಮುಂದೆ ಅಡಿಕೆ ಸುಲಿಯುತ್ತ ಕೂರುವರು. ಮಕ್ಕಳು ನಿದ್ದೆಹೋಗದಂತೆ ಯಕ್ಷಗಾನದ ಪ್ರಸಂಗಗಳನ್ನು ಅಭಿನಯಸಹಿತವಾಗಿ ಹೇಳುವ ಭಾರ ಅಜ್ಜನದು. ಕೀಚಕನ ಪಾತ್ರವನ್ನು ಅವರು ಹೇಳುವಾಗ ಅಜ್ಜಿಯೂ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರೆಂದು ನನ್ನ ದೊಡ್ಡತ್ತೆ ಹೇಳುತ್ತಿದ್ದರು.

ತೋಟದ ಕೆಲಸ ಕಡಿಮೆಯಾದ ದಿನ ಅವರು ಕಾನನ್ನು ಹೊಗುವರು. ಬೇಟೆಯ ಮಾತಿಲ್ಲ, ನೋಡುವುದೂ ನಡೆಯುವುದೂ ಅವರ ವಿನೋದ. ಮಂಗಟ್ಟೆ ಹಕ್ಕಿಯು ಯಾವ ಮರದ ಪೊಟರೆಯಲ್ಲಿ ಗೂಡು ಮಾಡಿದೆ, ಸಿಂಗಳೀಕದ ಹಿಂಡು ಯಾವ ಹಣ್ಣಿಗೆ ಬಂದಿದೆ, ಕಾಟಿಯು ಹೊಳೆಗಿಳಿದ ದಾರಿ ಯಾವುದು ಎಂಬುದೆಲ್ಲ ಅವರಿಗೆ ಪಂಚಾಂಗದಂತೆ ತಿಳಿದಿದ್ದಿತು. ತುಡುವೆಜೇನನ್ನು ಬಿಡಿಸುವಾಗ ಮರಿಗಳಿದ್ದ ಎರಿಯನ್ನು ಮುಟ್ಟುತ್ತಿರಲಿಲ್ಲ. ತುಪ್ಪದಲ್ಲಿಯೂ ಒಂದು ಪಾಲನ್ನು ಹುಳುಗಳಿಗೆ ಬಿಟ್ಟು ಬರುವರು. ಉಪ್ಪಾಗೆ, ಮುರುಗಲು, ವಾಟೆ ಇವುಗಳ ಹಣ್ಣು ಆಯಲು ಹೋದಾಗ ಮಕ್ಕಳನ್ನು ಕಟ್ಟಿಕೊಂಡೇ ಹೋಗುವರು. ಎಲ್ಲಕ್ಕಿಂತ ಅವರಿಗೆ ಅಭಿಮಾನವಿದ್ದುದು ಹೊಳೆದಂಡೆಯ ಒಂದು ಅಪ್ಪೆಮಾವಿನ ಮರದ ಮೇಲೆ. ಅದರ ಮಿಡಿಯ ತೊಟ್ಟನ್ನು ಮುರಿದರೆ ಸೊನೆಯಿಂದ ಜೀರಿಗೆಯ ಪರಿಮಳ ಹೊರಡುತ್ತಿತ್ತಂತೆ. ಉಪ್ಪಿನಲ್ಲಿಟ್ಟ ಮಿಡಿಯು ವರ್ಷಗಳು ಕಳೆದರೂ ಮೆತ್ತಗಾಗುತ್ತಿರಲಿಲ್ಲ.

1935ರ ಸುಮಾರಿನ ಒಂದು ಸಂಗತಿಯನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಮಲೆನಾಡೆಲ್ಲ ಚಳಿಜ್ವರದಿಂದ ನರಳುತ್ತಿದ್ದ ಕಾಲವದು. ನಮ್ಮ ತಂದೆಗೆ ಆಗ ಆರು ವರ್ಷ. ಆಷಾಢದ ಒಂದು ರಾತ್ರಿ ಜ್ವರವು ನೆತ್ತಿಗೇರಿ ಹುಡುಗನು ಬಡಬಡಿಸತೊಡಗಿದನು. ಅಜ್ಜನು ಮಗನನ್ನು ಬೆನ್ನಿಗೆ ಕಟ್ಟಿ, ಮೇಲೆ ಕಂಬಳಿಕೊಪ್ಪೆಯನ್ನು ಹೊದ್ದು, ದೊಂದಿಯೊಡನೆ ಹೊಳೆಗೆ ಇಳಿದರು. ಪ್ರವಾಹವನ್ನು ಕಂಡು ದೋಣಿಯವನು ಹಿಂಜರಿದನು. “ಒಂದು ಹುಟ್ಟು ನನ್ನ ಕೈಗೆ ಕೊಡು; ಇಬ್ಬರೂ ಸೇರಿದರೆ ದಾಟೀತು” ಎಂದರಂತೆ ಅಜ್ಜ. ದೋಣಿಯು ದಾಟಿತು. ಅಲ್ಲಿಂದ ಸಾಗರಕ್ಕೆ ಕಾಡುದಾರಿಯಲ್ಲಿ ನಡೆದು, ಬೆಳಗಾಗುವ ಹೊತ್ತಿಗೆ ವೈದ್ಯರ ಬಾಗಿಲನ್ನು ತಟ್ಟಿದರು. ಕ್ವಿನೈನಿನಿಂದ ಮಗು ಉಳಿಯಿತು. ಈ ಲೇಖನವನ್ನು ಬರೆಯುವುದಕ್ಕೆ ನಾನು ಇರುವುದೂ ಆ ರಾತ್ರಿಯ ಫಲವೇ.

ಮುಳುಗಡೆಯ ವಾರ್ತೆಯು ಊರಿಗೆ ಬಂದಾಗ ಅಜ್ಜನಿಗೆ ಐವತ್ತೆಂಟೋ ಐವತ್ತೊಂಬತ್ತೋ ವಯಸ್ಸು. ತೋಟದ ಮರಗಳನ್ನು ಎಣಿಸಿ ಬೆಲೆ ಕಟ್ಟಲು ಬಂದವರು ಅಡಿಕೆಯನ್ನು ಬರೆದುಕೊಂಡರು, ತೆಂಗನ್ನು ಬರೆದುಕೊಂಡರು. ಅಪ್ಪೆಮಾವಿನ ಮರದ ಬಳಿಗೆ ಬಂದಾಗ ಅದು ಕಾಡಿನ ಮರ, ಲೆಕ್ಕಕ್ಕಿಲ್ಲವೆಂದರು. ಅಜ್ಜನು ವಾದಿಸಲಿಲ್ಲ. ಆ ಬೇಸಗೆಯಲ್ಲಿಯೇ ಮರದ ಎಳೆಯ ಕಡ್ಡಿಗಳನ್ನು ಕತ್ತರಿಸಿ, ತೇವವಾದ ಬಾಳೆಪಟ್ಟೆಯಲ್ಲಿ ಸುತ್ತಿ, ಮೇಲಿನ ಗುಡ್ಡದ ಅಂಚಿಗೆ ಒಯ್ದು ಕಾಡುಮಾವಿನ ಸಸಿಗಳಿಗೆ ಕಸಿ ಕಟ್ಟಿಸಿದರು. ಏಳರಲ್ಲಿ ಎರಡು ಬದುಕಿದವು. ನಡುವಯಸ್ಸಿನ ಮರಗಳಿಂದ ಗೋಟಡಿಕೆಯನ್ನು ಆರಿಸಿ ಬೀಜಕ್ಕೆಂದು ಹೊತ್ತರು. ಮನೆಯ ಕಂಬಗಳನ್ನೂ ಬಾಗಿಲುವಾಡವನ್ನೂ ಬಿಚ್ಚಿಕೊಂಡು 1962ರಲ್ಲಿ ಗುಡ್ಡವನ್ನು ಹತ್ತಿದರು. ಪರಿಹಾರದ ಹಣ ಕೈಗೆ ಬಂದಾಗ ಅದರ ಬಹುಭಾಗವನ್ನು ಸಾಲವೇ ತಿಂದಿತು.

ಆಗ ಅವರಿಗೆ ಸರಿಯಾಗಿ ಅರವತ್ತು ತುಂಬಿತ್ತು. ಷಷ್ಟ್ಯಬ್ದಿಶಾಂತಿಯನ್ನು ಮಾಡಿಸಿಕೊಂಡು ಜಗಲಿಯಲ್ಲಿ ಕೂರಬೇಕಾದ ವಯಸ್ಸಿನಲ್ಲಿ ಅವರು ಜಂಬಿಟ್ಟಿಗೆಯ ನೆಲವನ್ನು ಕಡಿದು ಬಾವಿಯನ್ನು ತೆಗೆಯತೊಡಗಿದರು. ಅಡಿಕೆಯ ಸಸಿಯು ನೆಟ್ಟ ಮರುದಿನ ಫಲ ಕೊಡುವ ಬೆಳೆಯಲ್ಲ. ಮೊದಲ ಕೊನೆಯನ್ನು ಕಾಣಲು ಏಳೆಂಟು ವರ್ಷಗಳು ಬೇಕು. “ನೀವು ಯಾರಿಗಾಗಿ ನೆಡುತ್ತೀರಿ?” ಎಂದು ನೆಂಟರೊಬ್ಬರು ಕೇಳಿದರಂತೆ. “ಹಳೆಯ ತೋಟವನ್ನು ನೆಟ್ಟವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅದರಿಂದ ನಾನು ಉಂಡೆ” ಎಂಬುದು ಅವರ ಉತ್ತರ. ಬಾಳೆಯ ನೆರಳಿನಲ್ಲಿ ಸಸಿಗಳು ಎದ್ದವು. ಮೊದಲ ಕೊನೆಯನ್ನು ಇಳಿಸಿದ ದಿನ ಅಜ್ಜನಿಗೆ ಅರವತ್ತೊಂಬತ್ತು; ಊರು ಮುಳುಗಿದ ಮರುವರ್ಷ ಹುಟ್ಟಿದ ನನಗೆ ಆಗ ಆರು. ಆ ಕೊನೆಯ ಒಂದು ಹಿಂಗಾರದ ಎಸಳನ್ನು ಅವರು ನನ್ನ ಕಿವಿಗೆ ಸಿಕ್ಕಿಸಿದ್ದು ನೆನಪಿದೆ.

ನೀರು ಬಹಳ ಇಳಿದಿದ್ದ ಒಂದು ಬೇಸಗೆಯಲ್ಲಿ “ಬಾ ಮಾಣಿ, ಹೋಪನ” ಎಂದು ಕರೆದು ಅಜ್ಜನು ನನ್ನನ್ನು ಹಳೆಯ ಊರಿಗೆ ಕರೆದೊಯ್ದರು. ಬಿರುಕುಬಿಟ್ಟ ಕೆಸರಿನ ಮೇಲೆ ಸಾಲುಸಾಲಾಗಿ ನಿಂತ ಕಪ್ಪು ಬೊಡ್ಡೆಗಳ ನಡುವೆ ಅವರು ದಾರಿ ತಪ್ಪದೆ ನಡೆದರು. “ಇಲ್ಲಿ ತುಳಸಿಕಟ್ಟೆ, ಇದು ನಿನ್ನಪ್ಪ ಹುಟ್ಟಿದ ಕೋಣೆ, ಇದು ಬಾವಿ” ಎಂದು ಕೋಲಿನಿಂದ ತೋರಿಸಿದರು. ನನಗೆ ಕಂಡದ್ದು ಕಲ್ಲಿನ ತಳಪಾಯವೊಂದೇ. ಕೊನೆಗೆ ಅಪ್ಪೆಮಾವಿನ ಬೊಡ್ಡೆಯ ಬಳಿ ಕುಳಿತು ಕವಳ ಹಾಕಿದರು, ಅಳಲಿಲ್ಲ. ಮತ್ತೊಮ್ಮೆ ಸಾಗರದ ಪೇಟೆಯಲ್ಲಿ ಬೀದಿದೀಪಗಳು ಒಮ್ಮೆಗೇ ಹೊತ್ತಿಕೊಂಡಾಗ, “ಈ ದೀಪಕ್ಕೆ ನಮ್ಮ ತೋಟದ ಎಣ್ಣೆಯೂ ಸೇರಿದೆ ನೋಡು” ಎಂದರು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ನೋವೂ ಇತ್ತು. ಶರಾವತಿಯ ವಿದ್ಯುದಾಗಾರದ ಹತ್ತು ಯಂತ್ರಗಳು ಒಟ್ಟು 1,035 ಮೆಗಾವಾಟುಗಳ ಶಕ್ತಿಯುಳ್ಳವು. ನಾಡಿನ ಎಷ್ಟೋ ಮನೆಗಳು ಅವುಗಳಿಂದ ಬೆಳಗಿದುವು. ಹಿನ್ನೀರಿನ ದಡದಲ್ಲಿದ್ದ ನಮ್ಮ ಮನೆಯಲ್ಲಿ ಮಾತ್ರ ಬಹಳ ವರ್ಷಗಳವರೆಗೆ ಲಾಟೀನೇ ಉರಿಯಿತು.

ಹಿಂದೆ ಇಬ್ಬರು ಹುಟ್ಟು ಹಾಕಿದರೆ ದಾಟುತ್ತಿದ್ದ ಹೊಳೆಯು ಮುಳುಗಡೆಯ ಬಳಿಕ ಮೈಲಿಗೂ ಮಿಕ್ಕಿದ ಅಗಲವಾಯಿತು. ಅದನ್ನು ದಾಟಲು ಲಾಂಚು ಬಂದಿತು. ಆದರೆ ಕತ್ತಲಾದ ಮೇಲೆ ಲಾಂಚು ಇಲ್ಲ. 1988ರ ಮಳೆಗಾಲದಲ್ಲಿ ಅಜ್ಜನಿಗೆ ಎದೆನೋವು ಕಾಣಿಸಿದುದು ರಾತ್ರಿಯ ಹತ್ತು ಗಂಟೆಗೆ. ನಮ್ಮ ತಂದೆಯು ಅವರನ್ನು ಕಂಬಳಿಯಲ್ಲಿ ಮಲಗಿಸಿ, ನಾಲ್ವರು ಹೊತ್ತು ದಡಕ್ಕೆ ತಂದೆವು. ಮುಂದೆ ನೀರು. ಬೆಳಗಿನ ಲಾಂಚಿಗಾಗಿ ಕಾಯುವುದಲ್ಲದೆ ಬೇರೆ ಮಾರ್ಗವಿರಲಿಲ್ಲ. ಅರುಣೋದಯಕ್ಕೆ ಸ್ವಲ್ಪ ಮೊದಲು ತಂದೆಯ ತೊಡೆಯ ಮೇಲೆಯೇ ಅಜ್ಜನ ಪ್ರಾಣ ಹೋಯಿತು. ಬೆನ್ನಿಗೆ ಕಟ್ಟಿ ಹೊಳೆ ದಾಟಿಸಿ ತನ್ನನ್ನು ಉಳಿಸಿದ ತಂದೆಯನ್ನು ತಾನು ದಾಟಿಸಲಾರದೆ ಹೋದೆನೆಂಬ ಸಂಕಟವು ನಮ್ಮ ತಂದೆಯನ್ನು ಕಡೆಯವರೆಗೂ ಬಿಡಲಿಲ್ಲ.

2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಸೇತುವೆಯು ತೆರೆಯಿತು. ಈಗ ಯಾವ ಹೊತ್ತಿನಲ್ಲಾದರೂ ಕೆಲವೇ ನಿಮಿಷಗಳಲ್ಲಿ ದಾಟಬಹುದು. ಸಿಗಂದೂರಿನ ದೇವಿಯ ದರ್ಶನಕ್ಕೆಂದು ಹೋಗುವ ವಾಚಕರು ಸೇತುವೆಯ ಮೇಲಿಂದ ನೀರಿನ ಚೆಲುವನ್ನು ಅವಶ್ಯವಾಗಿ ನೋಡಬೇಕು; ಅದು ನಿಜವಾಗಿಯೂ ನೋಡತಕ್ಕದ್ದು. ಕೆಳಗೆ ಕೊಟ್ಟಿಗೆಗಳೂ ತುಳಸಿಕಟ್ಟೆಗಳೂ ಇದ್ದುವೆಂಬುದನ್ನೂ ಆಗ ಒಂದು ಕ್ಷಣ ನೆನೆಯಲಿ.

ಅಜ್ಜನು ಗುಡ್ಡದ ಮೇಲೆ ಮಾಡಿದ ತೋಟಕ್ಕೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವು ತಗುಲಿದೆ. ಮಲೆನಾಡಿನ ಎಷ್ಟೋ ತೋಟಗಳ ಗತಿ ಇದೇ. ಮಾರಿಬಿಡುವುದು ಲೇಸೆಂದು ಹೇಳುವವರು ಮನೆಯಲ್ಲಿಯೂ ಇದ್ದಾರೆ. ಅವರ ಮಾತಿನಲ್ಲಿ ವಿವೇಕವಿಲ್ಲವೆಂದು ಹೇಳಲಾರೆ. ಆದರೆ ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ನನಗೂ ಈಗ ಅರವತ್ತು. ಕಸಿಯ ಎರಡು ಮರಗಳಲ್ಲಿ ಒಂದು ಇನ್ನೂ ಮಿಡಿ ಬಿಡುತ್ತಿದೆ. ಜೀರಿಗೆಯ ಪರಿಮಳವು ಕಡಿಮೆಯಾಗಿಲ್ಲ. ಅದರ ಕಡ್ಡಿಗಳನ್ನು ಕೇಳಿದವರಿಗೆಲ್ಲ ಕೊಟ್ಟಿದ್ದೇನೆ. ಈ ಮಳೆಗಾಲದಲ್ಲಿ ಸತ್ತ ಮರಗಳ ಎಡೆಯಲ್ಲಿ ನಲವತ್ತು ಅಡಿಕೆಯ ಸಸಿಗಳನ್ನು ನೆಟ್ಟೆನು. ಸಸಿಗೆ ಮಣ್ಣು ಏರಿಸುವ ಕೆಲಸವನ್ನು ಮೊಮ್ಮಗಳು ಮಾಡಿದಳು.