ಈಟಿ ಕೆಳಗಿಟ್ಟ ಮೇಲೆ

ಮಸಾಯಿ ಯುವಕರು ಉದ್ದನೆಯ ಈಟಿ ಹಿಡಿದು ನಿಂತ ಜಾಗದಲ್ಲೇ ಎತ್ತರಕ್ಕೆ ಜಿಗಿಯೋ ರೀಲ್ಸ್ ನೀವೂ ನೋಡಿರ್ತೀರ. ಕೆಂಪು ಹೊದಿಕೆ, ಹಿಂದೆ ಕಿಲಿಮಂಜಾರೊ, ಕೆಳಗೆ ಲೈಕುಗಳ ಸುರಿಮಳೆ. ಕೀನ್ಯಾ ಸಫಾರಿಗೆ ಹೋಗಿಬಂದ ನಮ್ಮ ಆಫೀಸಿನ ಗೆಳೆಯನೊಬ್ಬ ಅಂಥದೇ ಒಂದು ಈಟಿ ತಂದು ಹಾಲ್‌ನ ಗೋಡೆಗೆ ನೇತುಹಾಕಿದ್ದಾನೆ. "ಸಿಂಹ ಹೊಡೆಯೋದು ಇದರಲ್ಲೇ ಕಣೋ" ಅಂತ ಬಂದವರಿಗೆಲ್ಲ ತೋರಿಸ್ತಾನೆ.

ಆ ಈಟಿಯಲ್ಲಿ ಮೂರು ಭಾಗ. ಮುಂದೆ ಉದ್ದನೆಯ ಕಬ್ಬಿಣದ ಅಲಗು, ನಡುವೆ ಕೈಹಿಡಿಯೋಕೆ ಗಿಡ್ಡ ಮರದ ಹಿಡಿ, ಹಿಂದೆ ಮತ್ತೆ ಕಬ್ಬಿಣದ ಚೂಪು ಬಾಲ. ಕೈಯಿಂದ ಎಸೆಯೋ ಆಯುಧ ಆದ್ದರಿಂದ ಸಿಂಹಕ್ಕೆ ನಾವೂ ಸಿಗುವಷ್ಟು ಹತ್ತಿರ ಹೋಗಲೇಬೇಕು. ಗುರಿ ತಪ್ಪಿದರೆ ಉಳಿಯೋದು ಕಾಡೆಮ್ಮೆ ಚರ್ಮದ ಗುರಾಣಿ, ಮತ್ತೆ ಪಕ್ಕದಲ್ಲಿರೋ ಜೊತೆಗಾರರು. ಅದಕ್ಕೇ 'ಒಲಮಾಯೊ' ಅನ್ನೋ ಆ ಬೇಟೆಗೆ ಗುಂಪಾಗಿ ಹೋಗ್ತಿದ್ದರು.

ರೀಲ್ಸಿನಲ್ಲಿ ಕಾಣದೆ ಹೋಗೋದು ಒಂದೇ, ದನ. ಮಸಾಯಿಗಳು ದನ ಕಾಯೋ ಜನ. ಬೇಟೆಯಲ್ಲಿ ಗಂಡಸುತನದ ಪರೀಕ್ಷೆ ಇತ್ತು, ನಿಜ. ಆದರೆ ಎಷ್ಟೋ ಸಲ ಈಟಿ ಹೊರಬರ್ತಿದ್ದದ್ದು ಹಟ್ಟಿಯ ಹಸುವನ್ನು ಸಿಂಹ ಹೊತ್ತುಕೊಂಡು ಹೋದ ಮೇಲೆ. ಅಂದ್ರೆ ಅದು ಗೋವಳನ ಆಯುಧ.

ಈ ಕಥೆ ನಮ್ಮ ಕಡೆಗೆ ಹೊಸದಲ್ಲ. ಸಿಂಹ ನೋಡಬೇಕಂದ್ರೆ ನಾವು ಗುಜರಾತಿನ ಗಿರ್‌ಗೇ ಹೋಗಬೇಕು, ಸರಿ. ಆದರೆ ದನಕ್ಕಾಗಿ ಈಟಿ, ಕತ್ತಿ ಹಿಡಿದು ಸತ್ತವರ ವೀರಗಲ್ಲುಗಳು ನಮ್ಮ ಹೊಲದ ಬದುಗಳಲ್ಲೇ ನಿಂತಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1905ರಲ್ಲಿ, ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕರ್ನಾಟಕದ ವೀರಗಲ್ಲುಗಳಲ್ಲಿ ತುರುಗೋಳಿನಲ್ಲಿ, ಅಂದ್ರೆ ದನ ಕದಿಯೋಕೆ ಬಂದವರ ಜೊತೆ ಹೊಡೆದಾಡಿ ಸತ್ತವರದು ಬಹಳ. ಹುಲಿ, ಹಂದಿ ಜೊತೆ ಕಾದಾಡಿ ಸತ್ತವರ ಕಲ್ಲುಗಳೂ ಇವೆ.

ನನಗೆ ಕಲ್ಲಿಗಿಂತ ದೊಡ್ಡದಾಗಿ ಕಾಣೋದು 'ನೆತ್ತರುಗೊಡಗೆ' ಅನ್ನೋ ಪದ. ಕಾದಾಡಿ ಸತ್ತವನ ಮನೆಯವರಿಗೆ ಕೊಡ್ತಿದ್ದ ಭೂಮಿ ಅದು. ನೆತ್ತರು ಹರಿಸಿದವನು ಒಬ್ಬ, ಆದರೆ ಅದರ ಲೆಕ್ಕ ಎಲ್ಲರದೂ ಅಂತ ಅವತ್ತಿನವರಿಗೆ ಗೊತ್ತಿತ್ತು.

ಇವತ್ತು ಆ ಲೆಕ್ಕ ಯಾರದು? ಶಿಡ್ಲಘಟ್ಟದ ಹತ್ತಿರದ ನಮ್ಮ ಊರಲ್ಲಿ ಹೋದ ವರ್ಷ ಚಿಕ್ಕಪ್ಪನ ರೊಪ್ಪಕ್ಕೆ ಚಿರತೆ ನುಗ್ಗಿ ಎರಡು ಕುರಿ ಹೋದವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಚಿರತೆ ಮೈ ಮುಟ್ಟೋ ಹಾಗಿಲ್ಲ, ಮುಟ್ಟಲೂಬಾರದು. ಸರ್ಕಾರದಿಂದ ಪರಿಹಾರ ಉಂಟು. ಆದರೆ ಫೋಟೋ, ಮಹಜರು, ಪಶುವೈದ್ಯರ ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ ಅಂತ ಓಡಾಡೋದರಲ್ಲಿ ಎಷ್ಟೋ ದಿನದ ಕೂಲಿ ಹೋಯ್ತು.

"ಚಿರತೆ ಇರ್ಲಿ ಬಿಡಪ್ಪ, ಅದೂ ತಿನ್ಬೇಕಲ್ಲ" ಅಂದರು ಚಿಕ್ಕಪ್ಪ. "ಆದ್ರೆ ಯಾವಾಗ್ಲೂ ನನ್ನ ಕುರೀನೇ ಯಾಕೆ? ಕಾಡು ಉಳೀಬೇಕು ಅನ್ನೋ ನಿಮ್ಮ ಬೆಂಗಳೂರಿನೋರು ಒಂದು ಮರೀನಾದ್ರೂ ಕೊಡ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಸಾಯಿಗಳ ಹತ್ತಿರ ಒಂದಿಷ್ಟು ಇದೆ. ಅಂಬೊಸೆಲಿ ಕಡೆ 2007ರಲ್ಲಿ ಶುರುವಾದ ಲಯನ್ ಗಾರ್ಡಿಯನ್ಸ್ ಸಂಸ್ಥೆ ಸಿಂಹ ಹೊಡೀತಿದ್ದ ಯುವಕರನ್ನೇ ಸಂಬಳ ಕೊಟ್ಟು ಕಾವಲಿಗೆ ಇಟ್ಟುಕೊಂಡಿತು. ಸಿಂಹದ ಹೆಜ್ಜೆ ಹಿಡಿದು ಹೋಗಿ, "ಈ ಕಡೆ ದನ ಬಿಡಬೇಡಿ" ಅಂತ ಮೊದಲೇ ಹೇಳೋದು, ದನದ ಬೇಲಿ ಗಟ್ಟಿ ಮಾಡಿಸೋದು ಅವರ ಕೆಲಸ. 2012ರಿಂದ ಅಲ್ಲೇ ಮಸಾಯಿ ಒಲಿಂಪಿಕ್ಸ್ ನಡೀತಿದೆ. ಸಿಂಹಬೇಟೆಯ ಬದಲು ಈಟಿ ಎಸೆತದ ಪಂದ್ಯ. ಯುವಕರಿಗೆ ಬೇಕಾದ ಹೆಸರು ಸಿಗುತ್ತೆ, ಸಿಂಹಾನೂ ಉಳಿಯುತ್ತೆ. ಈಟಿ ಕೆಳಗಿಡಿ ಅಂತ ಬರೀ ಉಪದೇಶ ಮಾಡಿದ್ದರೆ ಇದು ಆಗ್ತಿರಲಿಲ್ಲ. ಈಟಿ ಮಾಡ್ತಿದ್ದ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳಲೇಬೇಕಿತ್ತು.

ನಾವು ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಏಳು ಜನ ಬೆಂಗಳೂರಲ್ಲಿದ್ದೀವಿ. ಯುಗಾದಿಗೆ ಊರಿಗೆ ಹೋದಾಗ ಎಲ್ಲರೂ ದುಡ್ಡು ಹಾಕಿ, ಚಿಕ್ಕಪ್ಪನ ರೊಪ್ಪಕ್ಕೂ ಪಕ್ಕದ ಎರಡು ಮನೆಯವರ ರೊಪ್ಪಕ್ಕೂ ಸುತ್ತಲೂ, ಮೇಲೂ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿದ್ವಿ. ತಲೆಗೆ ಬಿದ್ದದ್ದು ಒಂದು ವೀಕೆಂಡ್ ರೆಸಾರ್ಟಿನ ಖರ್ಚು. ಚಿರತೆ ಈಗಲೂ ಆ ಬೆಟ್ಟದಲ್ಲೇ ಇದೆಯಂತೆ.